ನಿಶ್ಚಲತೆ ಮತ್ತು ಸ್ಥೈರ್ಯ: ಗೊಮ್ಮಟನ ಶಿಲೆ, ಬಾಹುಬಲಿಯ ಪಾತ್ರ

ಆದಿಪುರಾಣವು ಪಠ್ಯವಾಗಿರುವ ತರಗತಿಗಳಲ್ಲಿ ಬಾಹುಬಲಿಯ ಸ್ಥೈರ್ಯವನ್ನು ವಿವರಿಸಬೇಕೆಂಬ ಪ್ರಶ್ನೆ ಹೊಸದೇನೂ ಅಲ್ಲ. ಅದಕ್ಕೆ ಬರುವ ಉತ್ತರವೂ ಬಹುಮಟ್ಟಿಗೆ ಒಂದೇ ತೆರನಾದುದು. ಬಾಹುಬಲಿಯು ಒಂದು ವರ್ಷಕಾಲ ಕದಲದೆ ನಿಂತನು. ಕಾಲ ಬಳಿ ಹುತ್ತ ಬೆಳೆಯಿತು, ತೋಳಿಗೆ ಬಳ್ಳಿ ಹಬ್ಬಿತು, ಹಾವು ಹರಿದಾಡಿತು. ಆದರೂ ಆತನು ವಿಚಲಿತನಾಗಲಿಲ್ಲ. ಆದಕಾರಣ ಆತನು ಸ್ಥೈರ್ಯದ ಮೂರ್ತಿ. ಹೀಗೆ ಬರೆದ ವಿದ್ಯಾರ್ಥಿಗೆ ಅಂಕಗಳೇನೋ ದೊರೆಯುತ್ತವೆ. ಆದರೆ ಈ ಉತ್ತರದಲ್ಲಿ ಕಥೆಯ ಮುಖ್ಯ ಸಂಗತಿಯೊಂದು ಬಿಟ್ಟುಹೋಗಿದೆ. ಆ ಒಂದು ವರ್ಷದ ನಿಲುವು ಆತನಿಗೆ ಕೇವಲಜ್ಞಾನವನ್ನು ತಂದುಕೊಡಲಿಲ್ಲ. ದೇಹವು ಕದಲದಿದ್ದಾಗಲೂ ಒಳಗೆ ಏನೋ ಒಂದು ನೆಟ್ಟುಕೊಂಡಿತ್ತೆಂಬುದನ್ನು ದಿಗಂಬರ ಶ್ವೇತಾಂಬರ ಪರಂಪರೆಗಳೆರಡೂ ಒತ್ತಿ ಹೇಳಿವೆ. ಹಾಗಾದರೆ ನಾವು ಸ್ಥೈರ್ಯವೆಂದು ಹೊಗಳುತ್ತಿರುವುದು ಯಾವುದನ್ನು? ಈ ಪ್ರಶ್ನೆಯನ್ನು ಕಾವ್ಯದಿಂದ ಮಾತ್ರವಲ್ಲದೆ, ಶ್ರವಣಬೆಳ್ಗೊಳದ ಬೆಟ್ಟದ ಮೇಲೆ ಅದೇ ಬಾಹುಬಲಿಯನ್ನು ಕಲ್ಲಿನಲ್ಲಿ ನಿಲ್ಲಿಸಿದ ಶಿಲ್ಪಿಯ ಕಡೆಯಿಂದಲೂ ಕೇಳಿನೋಡುವುದು ಈ ಲೇಖನದ ಉದ್ದೇಶ.

ಸ್ಥೈರ್ಯವೆಂಬ ಮಾತನ್ನು ನಾವು ಕಟ್ಟಡಕ್ಕೂ ಮನುಷ್ಯನಿಗೂ ಸಮಾನವಾಗಿ ಬಳಸುತ್ತೇವೆ. ಅದರ ಮೂಲ ಧಾತುವಿಗೆ ನಿಲ್ಲು ಎಂಬುದೇ ಅರ್ಥ. ಕನ್ನಡದಲ್ಲಿಯೂ ಹಾಗೆಯೆ: ನಿಲ್ಲು, ನಿಲವು, ನೆಲೆ ಇವೆಲ್ಲ ಒಂದೇ ಮನೆಯ ಮಾತುಗಳು. ನೆಲವೆಂಬ ಶಬ್ದವನ್ನು ಇವುಗಳೊಡನೆ ಸೇರಿಸಲು ನಿಘಂಟುಕಾರರು ಹಿಂಜರಿಯುತ್ತಾರೆ. ಕಿವಿ ಮಾತ್ರ ಹಿಂಜರಿಯುವುದಿಲ್ಲ. ನಡತೆಗೆಟ್ಟವನನ್ನು ನೆಲೆಗೆಟ್ಟವನೆಂದೂ ಗೌರವಸ್ಥನನ್ನು ತೂಕದ ಮನುಷ್ಯನೆಂದೂ ಕರೆಯುವಾಗ ನಾವು ಅರಿಯದೆಯೆ ಶಿಲ್ಪಿಯ ಭಾಷೆಯನ್ನಾಡುತ್ತಿರುತ್ತೇವೆ. ಆಡುವ ಭಾಷೆ ಅವನದಾದ ಮೇಲೆ, ಆ ಮಾತಿಗೆ ಅವನ ಕೆಲಸದಲ್ಲಿ ಏನು ಅರ್ಥವಿದೆಯೆಂಬುದನ್ನು ತಿಳಿದುಕೊಳ್ಳುವುದು ನ್ಯಾಯ.

ನಿರ್ಮಾಣಶಾಸ್ತ್ರದಲ್ಲಿ ಕದಲದಿರುವುದು ಬೇರೆ, ಸ್ಥಿರವಾಗಿರುವುದು ಬೇರೆ. ಬೋಗುಣಿಯ ತಳದಲ್ಲಿಟ್ಟ ಗೋಲಿಯೂ ಕದಲುವುದಿಲ್ಲ. ಬೋರಲು ಹಾಕಿದ ಬೋಗುಣಿಯ ನೆತ್ತಿಯ ಮೇಲೆ ಜೋಕೆಯಿಂದ ನಿಲ್ಲಿಸಿದ ಗೋಲಿಯೂ ಕದಲುವುದಿಲ್ಲ. ಸುಮ್ಮನೆ ನೋಡುವವನಿಗೆ ಎರಡೂ ಒಂದೇ. ಬೆರಳಿನಿಂದ ತುಸು ತಳ್ಳಿದಾಗ ಮಾತ್ರ ಒಂದು ತನ್ನ ಎಡೆಗೆ ಮರಳುತ್ತದೆ, ಇನ್ನೊಂದು ಉರುಳಿಹೋಗುತ್ತದೆ. ಎಂದರೆ ಸ್ಥಿರತೆಯು ಕಣ್ಣಿಗೆ ಕಾಣುವ ಗುಣವಲ್ಲ. ಅಲುಗಿಸಿದಾಗ ಹೊರಬೀಳುವ ಗುಣ. ನಮ್ಮ ತುಂಬಿದ ಕೊಡದ ಗಾದೆಯೂ ಇದನ್ನೇ ಹೇಳುತ್ತದೆ. ಕಟ್ಟೆಯ ಮೇಲಿಟ್ಟ ಕೊಡ ತುಂಬಿದ್ದರೂ ಅರೆಯಾಗಿದ್ದರೂ ತುಳುಕುವುದಿಲ್ಲ; ಹೊತ್ತು ನಡೆಯುವಾಗಲೇ ವ್ಯತ್ಯಾಸ ತಿಳಿಯುವುದು. ಅರೆ ತುಂಬಿದ ತೊಟ್ಟಿಯ ನೀರು ಹಡಗನ್ನೇ ಮಗುಚಬಲ್ಲುದೆಂದು ನೌಕಾಶಾಸ್ತ್ರಜ್ಞರು ಲೆಕ್ಕ ಹಾಕಿ ತೋರಿಸುವುದನ್ನು ನಮ್ಮ ಹೆಂಗಸರು ನೀರು ಹೊತ್ತೇ ತಿಳಿದಿದ್ದರು.

ಇದರೊಡನೆ ಇನ್ನೊಂದು ಭೇದವನ್ನೂ ಗಮನಿಸಬೇಕು. ಗಟ್ಟಿಯಾದುದೆಲ್ಲ ಸ್ಥಿರವಲ್ಲ. ನೀಳವಾದ ಕಂಬವೊಂದರ ಮೇಲೆ ಭಾರವನ್ನು ಹೇರುತ್ತ ಹೋದರೆ, ಅದರ ದ್ರವ್ಯವು ನುಗ್ಗಾಗುವುದಕ್ಕೆ ಬಹಳ ಮೊದಲೇ ಕಂಬವು ಪಕ್ಕಕ್ಕೆ ಬಾಗಿ ಬಿದ್ದುಹೋಗಬಹುದು. ಈ ಬಾಗುವಿಕೆಯ ಗಣಿತವನ್ನು ಆಯ್ಲರನು 1744ರಲ್ಲಿ ಮೊದಲು ನಿರೂಪಿಸಿದನು. ಕಂಬದ ಉದ್ದವು ಎರಡರಷ್ಟಾದರೆ ಅದು ತಡೆಯಬಲ್ಲ ಭಾರವು ಕಾಲುಭಾಗಕ್ಕೆ ಇಳಿಯುತ್ತದೆಂಬುದು ಅದರ ಫಲಿತಾಂಶಗಳಲ್ಲೊಂದು. ಇದನ್ನು ಲಘುವಾಗಿ ತಿಳಿದುದರ ಫಲವು ಕೆನಡಾ ದೇಶದ ಕ್ವಿಬೆಕ್ ಸೇತುವೆಯಲ್ಲಿ ಕಂಡುಬಂದಿತು. 1907ರ ಆಗಸ್ಟ್ 29ರಂದು, ಇನ್ನೂ ಕಟ್ಟುತ್ತಿದ್ದ ಆ ಉಕ್ಕಿನ ಸೇತುವೆಯ ಕೆಳ ಅಂಗಗಳು ಬಾಗಿ, ಸೇತುವೆಯು ಸೇಂಟ್ ಲಾರೆನ್ಸ್ ನದಿಗೆ ಕುಸಿದು 75 ಮಂದಿ ಕೆಲಸಗಾರರು ಸತ್ತರು. ಅದರ ಸಲಹೆಗಾರ ಎಂಜಿನಿಯರನಾದ ಥಿಯೋಡರ್ ಕೂಪರನು ತನ್ನ ಕಾಲದ ಸೇತುಶಿಲ್ಪಿಗಳಲ್ಲಿ ಬಹು ದೊಡ್ಡ ಹೆಸರು. ನಡುವಣ ಅಂತರವನ್ನು 1600 ಅಡಿಗಳಿಂದ 1800 ಅಡಿಗಳಿಗೆ ಹೆಚ್ಚಿಸಿದ ಮೇಲೆ ಸೇತುವೆಯ ಸ್ವಂತ ತೂಕವನ್ನು ಸಕಾಲದಲ್ಲಿ ಮತ್ತೆ ಲೆಕ್ಕ ಹಾಕಲಿಲ್ಲ; ತನ್ನ ನಕ್ಷೆಗಳನ್ನು ಇನ್ನೊಬ್ಬರು ಪರಿಶೀಲಿಸುವುದಕ್ಕೆ ಕೂಪರನು ಒಪ್ಪಲೂ ಇಲ್ಲ. ಕುಸಿಯುವುದಕ್ಕೆ ಕೆಲವು ದಿನಗಳ ಮೊದಲೇ ಅಂಗಗಳು ಬಾಗುತ್ತಿರುವುದು ಸ್ಥಳದಲ್ಲಿದ್ದವರ ಕಣ್ಣಿಗೆ ಬಿದ್ದಿತ್ತು. ಕೂಪರನು ಭಾರ ಹೇರುವುದನ್ನು ನಿಲ್ಲಿಸಬೇಕೆಂದು ಕಳುಹಿಸಿದ ತಂತಿ ಕೆಲಸ ನಿಲ್ಲಿಸುವಷ್ಟು ಬೇಗ ಸೇತುವೆಯನ್ನು ಮುಟ್ಟಲಿಲ್ಲ. ಇಲ್ಲಿ ಉಕ್ಕೂ ಬಾಗಿತು. ಪ್ರಶ್ನೆಗೆ ಒಳಗಾಗಲು ಒಪ್ಪದ ಒಂದು ವ್ಯಕ್ತಿತ್ವವೂ ಅದೇ ದಿನ ಬಾಗಿತು. ಅಲುಗಿಸಗೊಡದಿರುವುದನ್ನೇ ಸ್ಥೈರ್ಯವೆಂದು ಭಾವಿಸುವ ತಪ್ಪು ಕಟ್ಟಡದಲ್ಲಿಯೂ ಮನುಷ್ಯನಲ್ಲಿಯೂ ಒಂದೇ ಜಾತಿಯದು.

ಈ ಅರ್ಥವನ್ನು ಮನಸ್ಸಿನಲ್ಲಿಟ್ಟುಕೊಂಡು ಗೊಮ್ಮಟನನ್ನು ನೋಡೋಣ. ಗಂಗ ದೊರೆ ರಾಚಮಲ್ಲನ ಮಂತ್ರಿಯಾದ ಚಾವುಂಡರಾಯನು ಸುಮಾರು 981ರಲ್ಲಿ ಮಾಡಿಸಿದ ಈ ಮೂರ್ತಿಯ ಎತ್ತರವು 57 ಅಡಿಗಳಿಗೆ ಮೀರಿದೆ. ಭುಜಗಳ ಅಗಲ 26 ಅಡಿಗಳಷ್ಟು. ಪಾದದ ಉದ್ದವಾದರೋ ಸುಮಾರು 9 ಅಡಿ. ಕಾಯೋತ್ಸರ್ಗದ ನಿಲುವು ಶಿಲ್ಪಿಗೆ ಅನುಕೂಲವಾದುದಲ್ಲ. ಕೈಗಳು ನೇರವಾಗಿ ಇಳಿಬಿದ್ದಿರಬೇಕು, ಕಾಲುಗಳು ಜೋಡಿಸಿದಂತಿರಬೇಕು, ಮೈ ಯಾವುದಕ್ಕೂ ಒರಗಿರಬಾರದು. ಮೇಲೆ ಅಗಲವಾದ ಎದೆ ಭುಜಗಳು, ಕೆಳಗೆ ಕಿರಿದಾದ ಹರಡು. ಕಲ್ಲು ಒತ್ತಡವನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಎಳೆತವನ್ನು ತಾಳಲಾರದು. ನೆಟ್ಟಗೆ ನಿಂತಿರುವಷ್ಟು ಕಾಲ ಹರಡಿನ ಮೇಲೆ ಬೀಳುವುದು ಒತ್ತಡ. ಮೂರ್ತಿಯು ತುಸುವೇ ವಾಲಿದರೂ ಸಾಕು, ಹರಡಿನ ಒಂದು ಮಗ್ಗುಲಿನ ಮೇಲೆ ಎಳೆತ ಬೀಳತೊಡಗುತ್ತದೆ.

ಇದು ಬರಿಯ ಊಹೆಯಲ್ಲವೆಂಬುದಕ್ಕೆ ದೂರದ ನಿದರ್ಶನವೊಂದನ್ನು ಕೊಡಬಹುದು. ಮೈಕೆಲ್ಯಾಂಜೆಲೊ 1501ರಿಂದ 1504ರವರೆಗೆ ಫ್ಲಾರೆನ್ಸಿನಲ್ಲಿ ಕಡೆದ ದಾವಿದನ ಅಮೃತಶಿಲಾ ಮೂರ್ತಿಯು ಸುಮಾರು 17 ಅಡಿ ಎತ್ತರದ್ದು. ಅದು 1873ರವರೆಗೆ ನಗರದ ಚೌಕದಲ್ಲಿ ನಿಂತಿತ್ತು. ಅದರ ಹರಡಿನಲ್ಲಿ ಕೂದಲೆಳೆಯಂಥ ಬಿರುಕುಗಳು ಹತ್ತೊಂಬತ್ತನೆಯ ಶತಮಾನದಲ್ಲೇ ಕಂಡುಬಂದವು. ಇಟಲಿಯ ಸಂಶೋಧಕರು 2014ರಲ್ಲಿ ಜಿಪ್ಸಮ್ಮಿನ ಪುಟ್ಟ ಮಾದರಿಗಳನ್ನು ಮಾಡಿ, ಯಂತ್ರದಲ್ಲಿ ತಿರುಗಿಸಿ, ಮೂರ್ತಿಯು ಸ್ವಲ್ಪವೇ ಮುಂದಕ್ಕೆ ವಾಲಿದರೂ ಅದೇ ಎಡೆಯಲ್ಲಿ ಬಿರುಕು ಹುಟ್ಟುತ್ತದೆಂದು ತೋರಿಸಿದರು. ದಾವಿದನ ಬಲಗಾಲಿನ ಹಿಂದೆ ಮರದ ಬೊಡ್ಡೆಯೊಂದನ್ನು ಶಿಲ್ಪಿಯು ಕಡೆದಿರುವುದು ಅಲಂಕಾರಕ್ಕಾಗಿಯಲ್ಲ, ಆ ಕಾಲಿನ ಭಾರವನ್ನು ಹಂಚಿಕೊಳ್ಳುವುದಕ್ಕಾಗಿ. ದಾವಿದನ ಕಥೆಗೆ ಆ ಬೊಡ್ಡೆಯಿಂದ ಆಗಬೇಕಾದುದೇನೂ ಇಲ್ಲ. ಅದು ಬಂದಿರುವುದು ಶಿಲೆಯ ಅಗತ್ಯಕ್ಕೆ.

ಬೆಳ್ಗೊಳದ ಶಿಲ್ಪಿಯು ಇದೇ ತೊಡಕನ್ನು ಬಿಡಿಸಿದ ರೀತಿ ಬೇರೆ. ಅವನಿಗೆ ಕಥೆಯೇ ಹುತ್ತವನ್ನು ಕೊಟ್ಟಿತ್ತು. ಮೂರ್ತಿಯ ಎರಡು ಪಕ್ಕಗಳಲ್ಲಿ, ಹಾವುಗಳು ಹೊರಬರುತ್ತಿರುವ ಆ ಹುತ್ತಗಳೂ ಅವುಗಳೊಡನೆ ಉಳಿಸಿಕೊಂಡ ಬಂಡೆಯೂ ಕಾಲುಗಳನ್ನು ತೊಡೆಯ ಮಟ್ಟದವರೆಗೆ ಹಿಡಿದುಕೊಂಡಿವೆ. ಅಲ್ಲಿಂದ ಮೇಲಕ್ಕೆ ಮಾತ್ರ ಮೂರ್ತಿಯು ಯಾವ ಆಧಾರವೂ ಇಲ್ಲದೆ ಬಯಲಲ್ಲಿ ನಿಂತಿದೆ. ಭಕ್ತನ ಕಣ್ಣಿಗೆ ಹುತ್ತವು ದೇಹವನ್ನು ಮರೆತುದರ ಗುರುತು. ಶಿಲ್ಪಿಯ ಲೆಕ್ಕದಲ್ಲಿ ಅದು ದೇಹವನ್ನು ಹೊತ್ತ ಆಸರೆ. ಯಾವುದನ್ನು ನಾವು ನಿರಾಲಂಬತೆಯ ಲಾಂಛನವೆಂದು ಪೂಜಿಸುತ್ತೇವೋ ಅದೇ ಆಲಂಬನ. ಸುಮಾರು 1180ರಲ್ಲಿ ಬೊಪ್ಪಣ ಕವಿಯು ಇಲ್ಲಿಯ ಶಾಸನದಲ್ಲಿ ಮೂರ್ತಿಯ ಎತ್ತರವನ್ನೂ ಚೆಲುವನ್ನೂ ಅತಿಶಯವನ್ನೂ ಒಟ್ಟಿಗೆ ಕೊಂಡಾಡಿದ್ದಾನೆ. ಆ ಮೂರೂ ನಿಂತಿರುವುದು ಈ ನಾಲ್ಕನೆಯದರ ಮೇಲೆ.

ಇನ್ನೂ ಒಂದು ಸಂಗತಿ. ಈ ಮೂರ್ತಿಗೆ ಅಡಿಪಾಯವೆಂಬುದಿಲ್ಲ. 1432ರ ಕಾರ್ಕಳದ ಮೂರ್ತಿಯನ್ನು ಬೇರೆಡೆಯಲ್ಲಿ ಕಡೆದು, ಎಳೆದು ತಂದು ಬೆಟ್ಟದ ಮೇಲೆ ನಿಲ್ಲಿಸಿದರು. ನಮ್ಮ ಕಾಲದ ಧರ್ಮಸ್ಥಳದ ಮೂರ್ತಿಯೂ ಹಾಗೆ ಬಂದುದೇ. ಬೆಳ್ಗೊಳದ ಗೊಮ್ಮಟನನ್ನು ಮಾತ್ರ ಬೆಟ್ಟದ ನೆತ್ತಿಯ ಬಂಡೆಯಲ್ಲಿ ಇದ್ದಲ್ಲಿಯೇ ಬಿಡಿಸಿದುದು. ಅವನು ನೆಲದ ಮೇಲೆ ನಿಂತಿಲ್ಲ. ನೆಲವೇ ಅಲ್ಲಿ ಎದ್ದು ನಿಂತಿದೆ. ಈ ಮಾತನ್ನು ಮುಂದೆ ನೆನೆಯಬೇಕಾಗುತ್ತದೆ.

ಈಗ ಕಾವ್ಯಕ್ಕೆ ಬರೋಣ. ಭರತನ ದಿಗ್ವಿಜಯದ ಕಥೆಯಲ್ಲಿ ನಿಲ್ಲುವ ಪ್ರಸಂಗಗಳು ಹಲವಿವೆ. ವೃಷಭಾಚಲದ ಶಿಲೆಯ ಮೇಲೆ ತನ್ನ ಹೆಸರನ್ನು ಕೆತ್ತಿಸಲು ಹೋದ ಚಕ್ರವರ್ತಿಗೆ, ಹಿಂದಿನ ಚಕ್ರವರ್ತಿಗಳ ಹೆಸರುಗಳಿಂದ ಅದು ತುಂಬಿಹೋಗಿರುವುದು ಕಂಡಿತು. ಒಂದನ್ನು ಅಳಿಸಿ ತನ್ನದನ್ನು ಬರೆಸಬೇಕಾಯಿತು. ಕಲ್ಲಿನಲ್ಲಿ ಸ್ಥಿರತೆಯನ್ನು ಹುಡುಕಿದವನಿಗೆ ಕಲ್ಲೇ ಪಾಠ ಹೇಳಿತು. ಬಳಿಕ ಅಯೋಧ್ಯೆಯ ಬಾಗಿಲಲ್ಲಿ ಚಕ್ರರತ್ನವು ಒಳಹೋಗದೆ ನಿಂತುಬಿಟ್ಟಿತು. ತಮ್ಮನೊಬ್ಬನು ಮಣಿದಿಲ್ಲವೆಂಬುದು ಅದರ ಕಾರಣ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಬಾಹುಬಲಿಯೇ ಗೆದ್ದನು. ಎತ್ತಿ ಹಿಡಿದ ಅಣ್ಣನನ್ನು ನೆಲಕ್ಕೆ ಅಪ್ಪಳಿಸದೆ ಇಳಿಸಿದನು. ಸೋತ ಭರತನು ಕೋಪದಿಂದ ಪ್ರಯೋಗಿಸಿದ ಚಕ್ರವು ಬಾಹುಬಲಿಯನ್ನು ಕೊಲ್ಲದೆ ಬಲಗೊಂಡು ನಿಂತಿತು. ಆ ಕ್ಷಣದಲ್ಲಿ ಬಾಹುಬಲಿಗೆ ರಾಜ್ಯದ ಮೇಲೆ ಜುಗುಪ್ಸೆ ಹುಟ್ಟಿತು.

ಇಲ್ಲಿಯ ತಿರುವನ್ನು ಗಮನಿಸಬೇಕು. ಸ್ಥಿರವಾದ ವಸ್ತುವು ಅಲುಗಿದಾಗ ಹಿಂದಿನ ಎಡೆಗೆ ಮರಳುತ್ತದೆಂದೆವು. ಬಾಹುಬಲಿಯು ಮರಳಲಿಲ್ಲ. ಗೆದ್ದ ರಾಜ್ಯವನ್ನು ಗೆದ್ದ ಗಳಿಗೆಯಲ್ಲಿಯೇ ಬಿಟ್ಟನು. ಗೋಲಿಯ ಲೆಕ್ಕದಲ್ಲಿ ಇದು ಅಸ್ಥಿರತೆ. ಮನುಷ್ಯನ ವಿಷಯದಲ್ಲಿ ಹಾಗೆ ಹೇಳಲಾಗದು. ಶೀಲದ ಸ್ಥಿರತೆಯು ಇದ್ದ ಎಡೆಗೆ ಹಿಂದಿರುಗುವುದರಲ್ಲಿಯೇ ಇರಬೇಕಾಗಿಲ್ಲ. ಬಿಡಬೇಕಾದುದನ್ನು ಬಿಟ್ಟು ಬೇರೆ ನೆಲೆಯನ್ನು ಮುಟ್ಟುವುದರಲ್ಲಿಯೂ ಇರಬಹುದು. ಆ ಹೊಸ ನೆಲೆಯು ನಿಜವಾದ ನೆಲೆಯೆ ಎಂಬುದಷ್ಟೇ ಪ್ರಶ್ನೆ. ಒಂದು ವರ್ಷದ ಪ್ರತಿಮಾಯೋಗವು ಈ ಪ್ರಶ್ನೆಗೆ ಉತ್ತರವನ್ನು ತಡೆಹಿಡಿದ ಕಾಲ.

ಒಳಗೆ ಉಳಿದುದು ಏನೆಂಬುದರಲ್ಲಿ ಪರಂಪರೆಗೆ ಒಮ್ಮತವಿಲ್ಲ. ಈ ಭೇದಗಳೇ ವಿಮರ್ಶಕನಿಗೆ ಬೆಲೆಯುಳ್ಳವು. ಪ್ರಾಕೃತದ ಭಾವಪಾಹುಡದಲ್ಲಿ ಕುಂದಕುಂದಾಚಾರ್ಯರು, ದೇಹದ ಸಂಗವನ್ನು ಬಿಟ್ಟರೂ ಬಾಹುಬಲಿಯು ಮಾನಕಷಾಯದಿಂದ ಕಲುಷಿತನಾಗಿದ್ದನೆಂದು ನೇರವಾಗಿಯೇ ಹೇಳುತ್ತಾರೆ. ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರು ಇದನ್ನು ಮೃದುಗೊಳಿಸಿದರು. ಅವರ ಬಾಹುಬಲಿಗಿದ್ದುದು ಗರ್ವವಲ್ಲ, ತನ್ನಿಂದ ಅಣ್ಣನಿಗೆ ನೋವಾಯಿತಲ್ಲ ಎಂಬ ಸಂಕಟ. ಭರತನು ಬಂದು ಪೂಜಿಸಿದಾಗ ಅದು ಕಳೆದು ಕೇವಲಜ್ಞಾನವಾಯಿತು. ಕನ್ನಡ ನಾಡಿನಲ್ಲಿ ಬಹುಕಾಲದಿಂದ ಕೇಳಿಬರುವ ರೂಪದಲ್ಲಿ ಶಲ್ಯವು ಮತ್ತೆ ಮಾನದ್ದೇ: ತಾನು ನಿಂತಿರುವ ಈ ನೆಲವೂ ಭರತನದು ಎಂಬ ಚುಚ್ಚು. ಎಲ್ಲವನ್ನೂ ಬಿಟ್ಟವನಿಗೂ ಅಂಗಾಲಿನಷ್ಟು ನೆಲ ಬೇಕು. ಅದನ್ನು ಬಿಡಲಾಗದು, ತನ್ನದೆನ್ನಲೂ ಆಗದು. ನಿಲ್ಲುವುದಕ್ಕೆ ನೆಲವೊಂದು ಬೇಕಲ್ಲ ಎಂಬ ಸರಳ ಸತ್ಯವೇ ಇಲ್ಲಿ ಮುಳ್ಳಾಗಿದೆ. ಈ ಮೂರರಲ್ಲಿ ನನ್ನ ಮನಸ್ಸು ಒಪ್ಪುವುದು ಇದನ್ನೇ. ಜಿನಸೇನರ ರೂಪವು ಹೆಚ್ಚು ಕರುಣಾಮಯವಾದುದು ನಿಜ. ಆದರೆ ನಾಯಕನನ್ನು ಕಾಪಾಡುವ ಆತುರದಲ್ಲಿ ಅದು ಕಥೆಯ ಹರಿತವನ್ನು ಸ್ವಲ್ಪ ಮೊಂಡಾಗಿಸಿತೆಂದು ತೋರುತ್ತದೆ.

ಶ್ವೇತಾಂಬರ ಸಂಪ್ರದಾಯದಲ್ಲಿ, ಹನ್ನೆರಡನೆಯ ಶತಮಾನದ ಹೇಮಚಂದ್ರನ ಕೃತಿಯಲ್ಲಿ, ಬಾಹುಬಲಿಗಿಂತ ಮೊದಲೇ ದೀಕ್ಷೆ ಪಡೆದ ಕಿರಿಯ ತಮ್ಮಂದಿರಿಗೆ ತಾನು ಹೋಗಿ ನಮಿಸಬೇಕಲ್ಲ ಎಂಬುದು ತೊಡಕು. ತಂಗಿಯರಾದ ಬ್ರಾಹ್ಮಿ ಸುಂದರಿಯರು ಬಂದು ಆನೆಯ ಮೇಲಿಂದ ಇಳಿಯೆಂದು ಹೇಳುತ್ತಾರೆ. ಯಾವ ಆನೆಯೆಂದು ಯೋಚಿಸಿದವನಿಗೆ ಅದು ಅಹಂಕಾರವೆಂದು ಹೊಳೆಯುತ್ತದೆ. ನಮಿಸಲು ಹೋಗುವುದಕ್ಕಾಗಿ ಪಾದವನ್ನು ಎತ್ತಿದೊಡನೆ ಕೇವಲಜ್ಞಾನವಾಗುತ್ತದೆ. ಒಂದು ವರ್ಷ ಕದಲದೆ ನಿಂತು ಪಡೆಯಲಾಗದುದು ಒಂದು ಹೆಜ್ಜೆ ಕದಲಿದಾಗ ದೊರೆಯಿತು. ಇತ್ತ ದಿಗಂಬರ ಕಥೆಯಲ್ಲಿ ಬಾಹುಬಲಿ ಕದಲುವುದಿಲ್ಲ, ಭರತನೇ ಬರಬೇಕು. ಎರಡರಲ್ಲಿಯೂ ನಿಲ್ಲುವುದೊಂದೇ ಸಾಲಲಿಲ್ಲ. ಇನ್ನೊಬ್ಬರ ಮಾತೋ ಇನ್ನೊಬ್ಬರ ನಮಸ್ಕಾರವೋ ಬೇಕಾಯಿತು. ಶಿಲೆಗೆ ಹುತ್ತ ಹೇಗೋ ಪಾತ್ರಕ್ಕೆ ಇವರು ಹಾಗೆ.

ಶಲ್ಯವೆಂಬುದು ಕಾವ್ಯದ ಅಂಶವಲ್ಲ, ಕಷಾಯಗಳು ಪೂರ್ತಿ ಕ್ಷಯಿಸದೆ ಜ್ಞಾನವುದಿಸದೆಂಬ ಸಿದ್ಧಾಂತವನ್ನು ಹೊಂದಿಸಲು ತಂದ ಉಪಾಯವೆಂದು ಕೆಲವರು ಆಕ್ಷೇಪಿಸಬಹುದು. ಸಿದ್ಧಾಂತಕ್ಕಾಗಿಯೇ ಬಂದಿರಲಿ. ಸಿದ್ಧಾಂತವು ಕಷಾಯವೊಂದು ಉಳಿದಿರಬೇಕೆಂದು ಹೇಳೀತೇ ಹೊರತು ಅದು ನೆಲದ ವಿಷಯವಾಗಿರಬೇಕೆಂದು ಹೇಳುವುದಿಲ್ಲ. ಅದನ್ನು ಆರಿಸಿದುದು ಕಥೆಯನ್ನು ಬಲ್ಲವರ ಕಲ್ಪನೆ.

ಅಲಂಕಾರಶಾಸ್ತ್ರದಲ್ಲಿಯೂ ಇದಕ್ಕೆ ಸಾಕ್ಷಿಯಿದೆಯೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಚಾವುಂಡರಾಯನ ಸಮಕಾಲೀನನೂ ಮಾಳವದ ಮುಂಜನ ಆಸ್ಥಾನದವನೂ ಆದ ಧನಂಜಯನು ದಶರೂಪಕದಲ್ಲಿ ಧೀರೋದಾತ್ತ ನಾಯಕನ ಗುಣಗಳನ್ನು ಎಣಿಸುವಾಗ ಸ್ಥಿರನೆಂಬ ಲಕ್ಷಣದ ಜೊತೆಯಲ್ಲಿಯೇ ನಿಗೂಢಾಹಂಕಾರನೆಂಬ ಲಕ್ಷಣವನ್ನೂ ಇಟ್ಟಿದ್ದಾನೆ. ಅಹಂಕಾರವು ವಿನಯದಿಂದ ಮುಚ್ಚಿರುತ್ತದೆಂದು ವ್ಯಾಖ್ಯಾನಕಾರನಾದ ಧನಿಕನ ವಿವರಣೆ. ನಾಟಕದ ನಾಯಕನಿಗೆ ಇದು ಭೂಷಣ. ಮುಚ್ಚಿದ್ದರೆ ಸಾಕು, ಇಲ್ಲವಾಗಬೇಕೆಂಬ ನಿರ್ಬಂಧವಿಲ್ಲ. ನಾವು ಈ ಲಕ್ಷಣಗಳನ್ನು ಬಾಯಿಪಾಠ ಮಾಡಿಸುವಾಗ ಇವೆರಡೂ ಒಂದೇ ಪಟ್ಟಿಯಲ್ಲಿ ಏಕಿವೆಯೆಂದು ಕೇಳುವುದಿಲ್ಲ. ಬಾಹುಬಲಿಯು ಆ ವರ್ಷಪೂರ್ತಿ ಶಾಸ್ತ್ರೋಕ್ತವಾದ ಧೀರೋದಾತ್ತನೇ ಆಗಿದ್ದನು: ಸ್ಥಿರ, ದೃಢವ್ರತ, ನಿಗೂಢಾಹಂಕಾರ. ಪುರಾಣವು ಹೇಳುವುದು, ಅಷ್ಟು ಸಾಲದೆಂದು. ಅರಿಸ್ಟಾಟಲನು ಪಾತ್ರದಲ್ಲಿ ಸುಸಂಗತತೆಯನ್ನು ಬಯಸಿದುದೂ, ಚಂಚಲ ಪಾತ್ರವಾದರೆ ಅದರ ಚಾಂಚಲ್ಯವೇ ಸುಸಂಗತವಾಗಿರಲೆಂದುದೂ ಪ್ರಸಿದ್ಧ. ಅದು ಕವಿಯ ಕಟ್ಟಡಕ್ಕೆ ಸಂಬಂಧಿಸಿದ ನಿಯಮ. ಅದನ್ನು ಮನುಷ್ಯನ ಹಿರಿಮೆಯ ಅಳತೆಗೋಲಾಗಿ ಮಾಡಿಕೊಂಡು, ಬದಲಾಗದ ಪಾತ್ರವೇ ದೊಡ್ಡ ಪಾತ್ರವೆಂದು ಬರೆಯುವ ರೂಢಿ ನಮ್ಮಲ್ಲಿ ಬೆಳೆದಿರುವುದು ಒಳ್ಳೆಯದಲ್ಲ.

ಆ ರೂಢಿಯಿಂದ ಹೆಚ್ಚು ನಷ್ಟವಾಗಿರುವುದು ಭರತನಿಗೆ. ವೃಷಭಾಚಲದಲ್ಲಿ ಗರ್ವ ಮುರಿದುದು ಅವನದು. ಅಯೋಧ್ಯೆಯ ಬಾಗಿಲಲ್ಲಿ ತಡೆಯಾದುದು, ಮೂರು ಯುದ್ಧಗಳಲ್ಲಿ ಸೋತುದು, ಕೋಪದಿಂದ ಚಕ್ರವನ್ನು ಬಿಟ್ಟು ನಾಚಿದುದು, ಕೊನೆಗೆ ತಮ್ಮನ ಪಾದದ ಬಳಿಗೆ ಬಂದುದು ಎಲ್ಲವೂ ಅವನೇ. ಕಥೆಯುದ್ದಕ್ಕೂ ಅಲುಗಿದವನು ಭರತ. ಅವನನ್ನು ದುರ್ಬಲನೆಂದು ಬಗೆದು, ಬಾಹುಬಲಿಯ ಔನ್ನತ್ಯಕ್ಕೆ ಹಿನ್ನೆಲೆಯಾಗಿ ಮಾತ್ರ ಇಟ್ಟುಕೊಳ್ಳುತ್ತೇವೆ. ಆದರೆ ಪ್ರತಿಯೊಂದು ಅಲುಗಾಟದ ಬಳಿಕವೂ ಅವನು ಮರಳಿ ನಿಂತಿದ್ದಾನೆ, ಪ್ರತಿ ಬಾರಿಯೂ ಸ್ವಲ್ಪ ತಗ್ಗಿ. ಮುಂದೆ ದೀಕ್ಷೆ ವಹಿಸಿದಾಗ ಅವನಿಗೆ ವರ್ಷ ಹಿಡಿಯಲಿಲ್ಲ. ಅತ್ಯಲ್ಪ ಕಾಲದಲ್ಲಿಯೇ ಕೇವಲಜ್ಞಾನವಾಯಿತೆಂದು ಪರಂಪರೆ ಹೇಳುತ್ತದೆ. ಈ ಅಂಶವನ್ನು ಹಿಡಿದು ಬೆಳೆಸಿದವನು 1557ರ ಭರತೇಶವೈಭವದ ರತ್ನಾಕರವರ್ಣಿ. ಅವನು ಅಣ್ಣತಮ್ಮಂದಿರ ಯುದ್ಧವನ್ನು ಮಾತಿನಲ್ಲಿಯೇ ಮುಗಿಸಿ, ಭರತನನ್ನು ಭೋಗದ ನಡುವಿನ ಯೋಗಿಯನ್ನಾಗಿ ಮಾಡಿದನು. ಹಾಗೆ ಮಾಡುವಾಗ ಪಂಪನ ಭರತನಲ್ಲಿರುವ ಸೋಲು ನಾಚಿಕೆಗಳು ಮರೆಯಾದುವು. ಅಷ್ಟರಮಟ್ಟಿಗೆ ಅವನ ಭರತನು ಅಲುಗಾಟದ ಪರೀಕ್ಷೆಗೆ ಒಳಗಾಗದ ಸ್ಥಿರನೇ ಆದನು. ನಮ್ಮ ಪ್ರಶ್ನೆಯ ದೃಷ್ಟಿಯಿಂದ ಪಂಪನ ಭರತನೇ ಹೆಚ್ಚು ಉಪಯುಕ್ತನು.

ಬಾದಾಮಿಯ ಜೈನ ಗುಹೆಯ ಉಬ್ಬುಶಿಲ್ಪದಲ್ಲಿ ಬಾಹುಬಲಿಯ ಅಕ್ಕಪಕ್ಕದಲ್ಲಿ ಬೇರೆ ಆಕೃತಿಗಳಿವೆ, ಎಲ್ಲೋರದಲ್ಲಿಯೂ ಹಾಗೆ. ವಿಂಧ್ಯಗಿರಿಯ ಮಹಾಮೂರ್ತಿಯ ಪಾದದ ಬಳಿ ಭರತನನ್ನಾಗಲಿ ತಂಗಿಯರನ್ನಾಗಲಿ ಬಂಡೆಯಿಂದ ಬಿಡಿಸಿಲ್ಲ. ಹುತ್ತ, ಹಾವು, ಬಳ್ಳಿಗಳು ಮಾತ್ರ ಇವೆ. ಆದುದರಿಂದ ನಾವು ನೋಡುತ್ತಿರುವುದು ಭರತನು ಬರುವ ಮುಂಚಿನ ಬಾಹುಬಲಿಯನ್ನೋ ಬಂದುಹೋದ ಮೇಲಿನವನನ್ನೋ ಎಂಬುದನ್ನು ಶಿಲೆಯು ಹೇಳುವುದಿಲ್ಲ. ತುಟಿಯ ಮೇಲಿನ ನಗೆಯನ್ನು ಹಿಡಿದು ಎರಡನೆಯದೆಂದು ವಾದಿಸಬಹುದು; ಇನ್ನೂ ಬಿಡದ ಬಳ್ಳಿಯನ್ನು ಹಿಡಿದು ಮೊದಲನೆಯದೆಂದೂ ವಾದಿಸಬಹುದು. ನೆಲ ಯಾರದೆಂಬ ಪ್ರಶ್ನೆ ಮಾತ್ರ ಆ ಮೂರ್ತಿಗೆ ಉಳಿದಿಲ್ಲ. ಅದು ಆ ನೆಲದ್ದೇ ತುಂಡು.

ಎದುರಿನ ಚಂದ್ರಗಿರಿಯಲ್ಲಿ, ದೊಡ್ಡ ಬೆಟ್ಟವನ್ನು ಹತ್ತಿ ಇಳಿದು ದಣಿದವರು ಸಾಮಾನ್ಯವಾಗಿ ನೋಡದೆ ಹೋಗುವ ಮೂರ್ತಿಯೊಂದಿದೆ. ಸುಮಾರು 9 ಅಡಿ ಎತ್ತರದ್ದು. ಜನರು ಅದನ್ನು ಭರತನೆಂದು ಕರೆಯುತ್ತಾರೆ. ಮೊಣಕಾಲಿನಿಂದ ಕೆಳಗೆ ಅದಕ್ಕೆ ಆಕಾರವಿಲ್ಲ. ಪಾದವಿಲ್ಲದ ಆ ಭರತನು ಬಂಡೆಯಿಂದಲೇ ಎದ್ದವನಂತೆ, ಮೇಲೆ ಮಾಡೂ ಸುತ್ತ ಜನರೂ ಇಲ್ಲದೆ, ನೆಟ್ಟಗೆ ನಿಂತಿದ್ದಾನೆ.